ಸಾಹೇಬರ ಕಾರು, ಪಂಚಪ್ಪನವರ ನಾರು

ನಮ್ಮ ಗಂಗಾನಗರದ ರಸ್ತೆಯಲ್ಲಿ ಈವರೆಗೆ ಆಗಿರುವ ಅನಾಹುತಗಳಿಗೆಲ್ಲ ಮೂಲ ಯಾರದಾದರೂ ಸೋಮಾರಿತನವೇ. ಮೋಟಾರು ನಿಲ್ಲಿಸಲು ಮರೆತು ಸಂಪಿನ ನೀರನ್ನೆಲ್ಲ ರಸ್ತೆಗೆ ಹರಿಸಿದವರಿದ್ದಾರೆ, ಗೇಟಿನ ಚಿಲಕ ಹಾಕದೆ ಬೀದಿಯ ಹಸುವನ್ನು ಅಡುಗೆಮನೆಯವರೆಗೂ ಬರಮಾಡಿಕೊಂಡವರಿದ್ದಾರೆ. ಕಳೆದ ಫೆಬ್ರವರಿಯ ಅನಾಹುತ ಮಾತ್ರ ಆ ಬಗೆಯದಲ್ಲ. ಅದು ಒಬ್ಬ ಸಂಭಾವಿತರು ಬೆಳಿಗ್ಗೆ ಐದೂವರೆಗೆ ಎದ್ದು, ಪಂಚೆ ಎತ್ತಿ ಕಟ್ಟಿ, ಶ್ರದ್ಧೆಯಿಂದ ಮಾಡಿದ ಅನಾಹುತ.

ಆ ಸಂಭಾವಿತರ ಹೆಸರು ಪಂಚಪ್ಪ. ಸಿಂದಗಿ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತಾರು ವರ್ಷವಾಯಿತು, ಹೆಬ್ಬಾಳದ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅವರ ಪಕ್ಕದ ಮನೆ ದಸ್ತಗೀರ್ ಸಾಹೇಬರದು. ಸಾಹೇಬರಿಗೆ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ. ಇನ್ನು ನಾನು ಎದುರು ಮನೆಯ ಮಹಡಿಯ ಬಾಡಿಗೆದಾರ. ನನ್ನ ಬಾಲ್ಕನಿಯಿಂದ ಎರಡೂ ಮನೆಗಳ ಅಂಗಳ ಕಾಣುತ್ತದೆ, ಮಾತು ಕೇಳುತ್ತದೆ. ಕಾಣದ್ದು ಕೇಳದ್ದು ಏನಾದರೂ ಉಳಿದರೆ ಕೆಳಗಿನ ಮನೆಯ ಯಜಮಾನಿ ದ್ರೌಪದಮ್ಮನವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿಯೇ ಕಳಿಸುತ್ತಾರೆ. ಹಾಗಾಗಿ ಈ ವರದಿಯಲ್ಲಿ ಲೋಪ ಇರಲಾರದು.

ಈ ಎರಡು ಮನೆಗಳ ನಡುವೆ ಹತ್ತು ಹನ್ನೊಂದು ವರ್ಷಗಳಿಂದ ಪಾತ್ರೆಗಳು ಓಡಾಡುತ್ತಿವೆ. ಸಾಹೇಬರ ಹೆಂಡತಿ ತಾಹೆರಾ ಅವರು ಶೀರ್ ಖುರ್ಮಾ ಕಳಿಸಿದ ಡಬ್ಬಿಯಲ್ಲಿ ಪಂಚಪ್ಪನವರ ಹೆಂಡತಿ ಶಾಂತಲಾ ಅವರ ಶೇಂಗಾ ಹೋಳಿಗೆ ಹೋಗುತ್ತದೆ. ಹೋಳಿಗೆಯ ಡಬ್ಬಿ ಖಾಲಿ ಬರುವಂತಿಲ್ಲವಲ್ಲ, ಅದರಲ್ಲಿ ಇನ್ನೇನೋ ಬರುತ್ತದೆ. ಮೊದಲನೆಯ ಡಬ್ಬಿ ಯಾರದೆಂಬುದು ಈಗ ಎರಡೂ ಮನೆಯವರಿಗೆ ಗೊತ್ತಿಲ್ಲ. ಎರವಲು ತಂದದ್ದನ್ನು ತಂದ ಹಾಗೆಯೇ ಹಿಂದಿರುಗಿಸುವುದು ಪಂಚಪ್ಪನವರ ಊರಿನಲ್ಲಿ ಮರ್ಯಾದೆಯಲ್ಲ. ಪಾತ್ರೆಯಾದರೆ ಅದರಲ್ಲಿ ಏನಾದರೂ ಹಾಕಿ ಕೊಡಬೇಕು. ಎತ್ತಾದರೆ ಹೊಟ್ಟೆ ತುಂಬ ಮೇಯಿಸಿ, ಮೈ ತಿಕ್ಕಿ ತೊಳೆದು, ಕೋಡಿಗೆ ಎಣ್ಣೆ ಸವರಿ, ಆಮೇಲೆ ಅವರ ಹಟ್ಟಿಗೆ ಹೊಡೆದುಕೊಂಡು ಹೋಗಬೇಕು. ಅವರ ತಂದೆ ಜೀವಮಾನವಿಡೀ ಹಾಗೆಯೇ ಮಾಡಿದರು.

ಹೀಗಿರುವಾಗ ಪಂಚಪ್ಪನವರ ಷಡ್ಡಕರು ಯಲಹಂಕದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆಯಲು ಬಂದರು. ಹೋಗುವಾಗ, "ಹೆಬ್ಬಾಳದಿಂದ ಬಸ್ ಭಾಳ ಅದಾವ್ರಿ, ನಿಮಗೇನ್ ತ್ರಾಸ್ ಆಗಂಗಿಲ್ಲ" ಎಂದು ಕಾಳಜಿಯಿಂದ ಹೇಳಿದರು. ಆ ಕಾಳಜಿ ಪಂಚಪ್ಪನವರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮರುದಿನ ಕಾಂಪೌಂಡಿನ ಗೋಡೆಯಾಚೆ ಕತ್ತು ಚಾಚಿದರು.

"ಸಾಹೇಬ್ರೆ, ಭಾನುವಾರ ಒಂದಿನ ಗಾಡಿ ಬೇಕಾಗಿತ್ತು."

"ಒಂದಿನ ಯಾಕೆ ಪಂಚಪ್ಪನೋರೆ, ಶುಕ್ರವಾರದ ತನಕ ಇಟ್ಕೊಳ್ಳಿ. ನಾವೆಲ್ಲಾ ಶನಿವಾರ ಕಲಬುರಗಿಗೆ ಹೊರಟ್ವಿ, ಲೈಬಾ ಮದ್ವೆ ಕಾರ್ಡ್ ಹಂಚೋಕೆ. ಗಾಡಿ ನಿಮ್ಮ ಕಾಂಪೌಂಡಲ್ಲೇ ಇದ್ರೆ ನನಗೂ ನೆಮ್ಮದಿ," ಎಂದು ಸಾಹೇಬರು ಕೀಲಿಯನ್ನು ಅಂಗೈ ಮೇಲಿಟ್ಟರು. ಇಟ್ಟು, "ಮುಂದಿನ ಭಾನುವಾರ ನನ್ ಮಗಳು ಇದರಲ್ಲೇ ಗಂಡನ ಮನೆಗೆ ಹೋಗೋದು. ಹುಡುಗನ ಕಡೆಯೋರಿಗೆ ಹೇಳ್ಬಿಟ್ಟಿದೀನಿ, ಬಾಕಿ ಎಲ್ಲಾ ನಿಮ್ಮ ಇಷ್ಟ, ಗಾಡಿ ಮಾತ್ರ ನಂದು ಅಂತ," ಎಂದರು.

ಗಾಡಿ ಕಪ್ಪು ಬಣ್ಣದ್ದು. ಐದು ವರ್ಷ ಹಳೆಯದಾದರೂ ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಭಾನುವಾರ ಪಂಚಪ್ಪನವರು ಅದರಲ್ಲಿ ಯಲಹಂಕಕ್ಕೆ ಹೋಗಿ ಇಳಿದರು. ಷಡ್ಡಕರು ಕಾರನ್ನೂ ಇವರನ್ನೂ ಎರಡೆರಡು ಸಲ ನೋಡಿ, "ಯಾವಾಗ ತಗೊಂಡ್ರಿ" ಎಂದರು. ಪಂಚಪ್ಪನವರು ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು, "ಊಟಕ್ಕ ಎಷ್ಟೊತ್ತಿಗ್ರಿ" ಎಂದು ಕೇಳಿದರು. ಅವರು ಆಡಿದ್ದು ಸುಳ್ಳೇನಲ್ಲ.

ಸೋಮವಾರ ನಸುಕಿನಲ್ಲಿ ಋಣ ತೀರಿಸುವ ಕಾರ್ಯ ಶುರುವಾಯಿತು. ಹಿಂದಿನ ಸಂಜೆಯೇ ಟ್ಯಾಂಕು ತುಂಬ ಪೆಟ್ರೋಲು ಹಾಕಿಸಿ ಹೊಟ್ಟೆಯ ವಿಷಯ ಮುಗಿಸಿದ್ದರು. ಈಗ ಮೈ. ಊರಿನಿಂದ ಬಂದ, ಚೆನ್ನಾಗಿ ಒಣಗಿದ ಹೀರೆಕಾಯಿಯ ಹೊಸ ನಾರು ಅವರ ಕೈಯಲ್ಲಿತ್ತು. ಬಕೀಟಿನಲ್ಲಿ ಬಟ್ಟೆ ಒಗೆಯುವ ಪುಡಿಯ ನೊರೆ. ನಾರನ್ನು ನೊರೆಯಲ್ಲಿ ಅದ್ದಿ, ಬಾನೆಟ್ಟಿನಿಂದ ಶುರುಮಾಡಿ ಬಾಲದವರೆಗೆ, ಗುಂಡಗುಂಡಗೆ, ಭಾರ ಬಿಟ್ಟು ತಿಕ್ಕಿದರು.

ಬಾಗಿಲಿಗೆ ಬಂದ ಶಾಂತಲಾ ಅವರು ನಿಂತು ನೋಡಿದರು. "ಅದೇನ್ ಎತ್ತೇನ್ರೀ, ಹಂಗ ತಿಕ್ಕಾಕತ್ತೀರಿ?"

"ಗುಂಡಗ ತಿಕ್ಕಿದ್ರ ಹೊಲಸು ಬೇರ ಸಮೇತ ಬರ್ತದ. ನಮ್ಮಪ್ಪ ಹಿಂಗ ಮಾಡತಿದ್ದ."

"ನಿಮ್ಮಪ್ಪ ತೊಳೆದ ಎತ್ತಿಗೆ ಮ್ಯಾಲೆ ಕೂದಲಿದ್ದುವು."

ಪಂಚಪ್ಪನವರು ಹೆಂಗಸರ ಮಾತಿಗೆಲ್ಲ ಉತ್ತರ ಕೊಡುತ್ತ ಕೂರುವ ಹೊತ್ತಲ್ಲ ಇದು ಎಂಬಂತೆ ಇನ್ನೊಂದು ಚೊಂಬು ನೀರು ಸುರಿದರು. ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಾರು ಮದುವಣಗಿತ್ತಿಯ ಹಾಗೆ ನಿಂತಿತ್ತು. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ರೊಟ್ಟಿ ತಿಂದು, ಊಟದ ಚೀಲ ಹಿಡಿದು ಹೊರಬರುವ ಹೊತ್ತಿಗೆ ಒಂಬತ್ತೂವರೆ. ಸೂರ್ಯ ಟ್ಯಾಂಕಿನ ಮೇಲೆ ಬಂದಿದ್ದ. ನೆರಳು ಹೋಗಿತ್ತು.

ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ಬಿದ್ದಿತ್ತು, ಅದರ ಸುತ್ತ ಸಾವಿರಾರು ಸಣ್ಣ ಗೀರುಗಳು ಬಳೆಯೊಳಗೆ ಬಳೆಯಾಗಿ, ಜೇಡರ ಬಲೆಯ ಹಾಗೆ ಹೊಳೆಯುತ್ತಿದ್ದವು. ಪಂಚಪ್ಪನವರು ಎಡಕ್ಕೆ ಸರಿದರು, ಬಲೆಯೂ ಎಡಕ್ಕೆ ಸರಿಯಿತು. ಬಲಕ್ಕೆ ಬಂದರು, ಅದೂ ಬಂತು. ಹಿಂದಕ್ಕೆ ಹೋಗಿ ಡಿಕ್ಕಿ ನೋಡಿದರೆ ಅಲ್ಲಿ ಆಗಲೇ ಬಂದು ಕೂತಿತ್ತು. ಊಟದ ಚೀಲ ಕೈಯಿಂದ ಜಾರಿ ಕೆಳಗೆ ಕೂತಿತು.

ಗೇಟಿನ ಹತ್ತಿರ ಸೊಪ್ಪು ಬಿಡಿಸುತ್ತಿದ್ದ ದ್ರೌಪದಮ್ಮನವರು ಎದ್ದು ಬಂದರು. ಇವರು ಗಂಗಾನಗರ ಹೊಲವಾಗಿದ್ದ ಕಾಲದಿಂದ ಇಲ್ಲಿದ್ದವರು. "ಏನ್ ಪಂಚಪ್ಪೋರೆ, ಕಾರ್ ತುಂಬಾ ರಂಗೋಲಿ ಬಿಟ್ಟಂಗೈತೆ. ಇಂಗ್ಯಾಕೆ ಆಯ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗಿನಿಂದ ಮೊಬೈಲು ತೆಗೆದು ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಚಿಕಿತ್ಸೆ ಹೇಳಿದರು. "ಕೊಬ್ರಿ ಎಣ್ಣೆ ಅಚ್ಚಿ. ನಮ್ಮ ಕಲ್ಲಿನ ಒರಳಿಗೂ ಅದನ್ನೇ ಅಚ್ಚೋದು, ಎಂಗ್ ಒಳೀತದೆ ನೋಡಿ."

ಶಾಂತಲಾ ಅವರು ಬೇಡವೆನ್ನುವಷ್ಟರಲ್ಲಿ ಪಂಚಪ್ಪನವರು ಅರ್ಧ ಬಾಟಲಿ ಎಣ್ಣೆ ಸವರಿಯಾಗಿತ್ತು. ಪವಾಡ ನಡೆದುಬಿಟ್ಟಿತು. ಗೀರುಗಳು ಮಾಯ. ಬಿಸಿಲಿನಲ್ಲಿ ಕಾರು ಕರಿಯ ಕೊಳದ ಹಾಗೆ ತಣ್ಣಗೆ ಮಿನುಗಿತು. ಪಂಚಪ್ಪನವರು ಆ ದಿನ ಕಚೇರಿಯಲ್ಲಿ ಮೂರು ಕಡತಗಳನ್ನು ವಿಲೇವಾರಿ ಮಾಡಿದರೆಂದೂ, ಒಬ್ಬ ಅರ್ಜಿದಾರನಿಗೆ ಕುರ್ಚಿ ಕೊಟ್ಟರೆಂದೂ ಆಮೇಲೆ ತಿಳಿಯಿತು.

ಸಂಜೆ ಬಂದು ನೋಡಿದರೆ ಕಾರು ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮ ರಸ್ತೆಯನ್ನು ಯಾವುದೋ ಪೈಪಿಗಾಗಿ ಅಗೆದು ತಿಂಗಳಾಗಿತ್ತು, ಅದರ ಧೂಳೆಲ್ಲ ಎಣ್ಣೆಯ ಮೇಲೆ ಬಂದು ಕೂತಿತ್ತು. ಚಾವಣಿಯ ಮೇಲೆ ಬೆಕ್ಕು ಮಲಗಿ ಎದ್ದ ಗುರುತಿತ್ತು, ಬೆಕ್ಕಿನ ಅರ್ಧ ಕೂದಲೂ ಇತ್ತು. ಬಾನೆಟ್ಟಿನ ಅಂಚಿನಲ್ಲಿ ಇರುವೆಗಳು ಸಾಲಾಗಿ ಯಾತ್ರೆ ಹೊರಟಿದ್ದವು. ಅವೆಲ್ಲವನ್ನೂ ಉಜ್ಜಿ ತೊಳೆದಾಗ ಎಣ್ಣೆ ಹೋಯಿತು, ಹಳೆಯ ಗೀರುಗಳು ಹಿಂದಿರುಗಿದವು, ಜೊತೆಗೆ ಹೊಸ ಗೀರುಗಳನ್ನೂ ಕರೆತಂದವು.

ಪಂಚಪ್ಪನವರು ಆ ಸಂಜೆ ಊಟ ಮಾಡಲಿಲ್ಲ. "ಹೆಣ್ಣು ಮಗು ಗಂಡನ ಮನಿಗೆ ಹೋಗೂ ಗಾಡಿ," ಎಂದಷ್ಟೇ ಹೇಳಿ ಕಾಂಪೌಂಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಅವರ ಸಂಕಟ ಏನೆಂದು ನಮಗೆಲ್ಲ ಗೊತ್ತಿತ್ತು. ಹನ್ನೊಂದು ವರ್ಷ ಒಂದೂ ಪಾತ್ರೆ ಖಾಲಿ ಹೋಗದ ಮನೆಯಿಂದ, ಸಾಹೇಬರ ಮಗಳ ಮದುವೆಯ ವಾರದಲ್ಲಿ, ಸಾಹೇಬರ ಕಾರು ಕೆಟ್ಟು ಹೋಗಬೇಕೇ? ಯಾವ ಮುಖ ಹೊತ್ತು ಆ ಮದುವೆಯಲ್ಲಿ ಊಟಕ್ಕೆ ಕೂರುವುದು?

ಮಂಗಳವಾರ ರಜೆ ಹಾಕಲು ಹೋದರು. ಬೇರೆಯವರಾಗಿದ್ದರೆ ಫೋನಿನಲ್ಲಿ ಕೆಮ್ಮಿ ಕೆಲಸ ಮುಗಿಸುತ್ತಿದ್ದರು. ಪಂಚಪ್ಪನವರು ಖುದ್ದಾಗಿ ಹೋಗಿ ಮೇಲಧಿಕಾರಿ ಮಾರಮ್ಮ ಮೇಡಂ ಅವರ ಮುಂದೆ ಅರ್ಜಿ ಇಟ್ಟರು. "ವಿಷಯ: ನೆರೆಮನೆಯವರ ಕಾರಿನ ಮೇಲೆ ನನ್ನಿಂದ ಮೂಡಿರುವ ವೃತ್ತಾಕಾರದ ಗೀರುಗಳ ನಿವಾರಣೆಗಾಗಿ ಮೂರು ದಿನಗಳ ರಜೆ ಕೋರಿ."

ಮೇಡಂ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ಜ್ವರ ಅಂತ ಬರೀರಿ ಪಂಚಪ್ಪ. ಎಲ್ರೂ ಅದೇ ಬರಿಯೋದು."

"ಜ್ವರ ಬಂದಿಲ್ಲ ಮೇಡಂ."

"ವೃತ್ತಾಕಾರ ಅಂದ್ರೆ ಎಂಥದು? ಕಾಣ್ಸುತ್ತಾ ಅದು?"

ಬಾಯಲ್ಲಿ ಹೇಳಿ ತಿಳಿಸುವಂಥದ್ದಲ್ಲ, ಯಾವುದಾದರೂ ಕಾರಿನ ಮೇಲೆ ತೋರಿಸಬಹುದು ಎಂದರು ಪಂಚಪ್ಪನವರು. ಇಬ್ಬರೂ ಕೆಳಗಿಳಿದರು. ದುರದೃಷ್ಟಕ್ಕೆ ಅವರು ಆರಿಸಿಕೊಂಡದ್ದು ಮೇಡಂ ಅವರ ಸ್ವಂತ ಕಾರನ್ನೇ, ಅದೂ ಕಡುನೀಲಿ. ಮೊಬೈಲಿನ ಟಾರ್ಚು ಹಿಡಿದು, "ಒಂದು ವೇಳೆ ಇದ್ದಿದ್ರೆ ಇಲ್ಲಿ ಕಾಣ್ತಿತ್ತು ಮೇಡಂ" ಎಂದರು. ಅಲ್ಲಿ ಕಂಡಿತು. ಸಾಹೇಬರ ಕಾರಿನಲ್ಲಿ ಇದ್ದದ್ದಕ್ಕಿಂತ ದಟ್ಟವಾಗಿ, ಬಾಗಿಲಿನಿಂದ ಬಾಗಿಲಿಗೆ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದ ಡ್ರೈವರು ಮೆಲ್ಲಗೆ ಕಂಬದ ಹಿಂದಕ್ಕೆ ಸರಿದ.

ಮೇಡಂ ಮೇಲೆ ಬಂದು ರಜೆ ಮಂಜೂರು ಮಾಡಿದರು. "ಒಳ್ಳೇ ಕೆಲಸದೋರು ಸಿಕ್ಕಿದ್ರೆ ನನಗೂ ನಂಬರ್ ಕೊಡಿ" ಎಂದರು. ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಕಚೇರಿ ಪಾರ್ಕಿಂಗಿನಲ್ಲಿ ಟಾರ್ಚು ಹಿಡಿದು ನಿಂತಿತ್ತಂತೆ. ಅದುವರೆಗೆ ಸುಖವಾಗಿದ್ದ ಹದಿನಾಲ್ಕು ಕಾರುಗಳ ಮಾಲೀಕರು ಅವತ್ತಿನಿಂದ ಸುಖವಾಗಿಲ್ಲ.

ಮಧ್ಯಾಹ್ನ ಸಿದ್ದಲಿಂಗ ಬಂದ. ಇವನು ಪಂಚಪ್ಪನವರ ಊರಿನವನೇ, ವಾಸ ಟಿ. ದಾಸರಹಳ್ಳಿ, ಕೆಲಸ ಪೀಣ್ಯದ ಒಂದು ಸ್ಟೀಲ್ ಪಾತ್ರೆಯ ಕಾರ್ಖಾನೆಯಲ್ಲಿ ಪಾಲಿಶ್ ಹಿಡಿಯುವುದು. ಬರುವಾಗಲೇ ಕೈಯಲ್ಲಿ ಗಿರಗಿರ ತಿರುಗುವ ಮಿಷನ್ನು, ಚೀಲದಲ್ಲಿ ಹಸಿರು ಸೋಪಿನಂಥ ಗಟ್ಟಿ ತುಂಡು ತಂದಿದ್ದ. ಕಾರನ್ನು ಬೆರಳಿನಿಂದ ಎರಡು ಸಲ ಬಡಿದು ನೋಡಿದ.

"ಇಷ್ಟಕ್ಕ ಗಾಬರಿ ಆಗೀರೇನ್ರೀ ಕಾಕಾ? ನಿನ್ನೆ ಒಂದು ಕೊಳಗ ಮಾಡೇನಿ, ನಮ್ಮ ಮ್ಯಾನೇಜರ್ ಅದ್ರಾಗ ನೋಡ್ಕೊಂಡು ದಾಡಿ ಮಾಡ್ಕೊಂಡಾನ."

"ಸಿದ್ದಾ, ಇದು ಕೊಳಗ ಅಲ್ಲಪಾ, ಬಣ್ಣ ಐತಿ."

"ಕಬ್ಬಿಣಕ್ಕ ಹೆದರಲಾರದ ಮಿಷನ್ ಬಣ್ಣಕ್ಕ ಹೆದರ್ತದೇನ್ರೀ?"

ಮಿಷನ್ನು ಹೆದರಲಿಲ್ಲ. ಸಿದ್ದಲಿಂಗ ಎರಡು ಗಂಟೆ ಅದನ್ನು ಒತ್ತಿ ಹಿಡಿದು ಓಡಿಸಿದ. ನಮ್ಮ ರಸ್ತೆಯ ನಾಯಿಗಳು ಗಂಗಾನಗರ ಬಿಟ್ಟು ಹೋದವು. ಕೊನೆಗೆ ಅವನು ಬೆವರು ಒರೆಸಿಕೊಂಡು ಕಾರನ್ನು ಬಿಸಿಲಿಗೆ ತಳ್ಳಿಸಿದಾಗ ಸಣ್ಣ ಗೀರುಗಳು ನಿಜಕ್ಕೂ ಹೋಗಿದ್ದವು. ಅವುಗಳ ಜಾಗದಲ್ಲಿ ಮೊಳದುದ್ದದ ಬಿಳಿಯ ಅಲೆಗಳು ಮೂಡಿದ್ದವು. ನಾವು ನಡೆದರೆ ಅವೂ ಕಾರಿನ ಮೈಮೇಲೆ ಹಾವಿನಂತೆ ಹರಿದಾಡುತ್ತಿದ್ದವು.

"ಇದೇನೋ ಇದು?" ಎಂದರು ಪಂಚಪ್ಪನವರು.

ಸಿದ್ದಲಿಂಗ ತಲೆ ಓರೆ ಮಾಡಿ ನೋಡಿದ. "ಡಿಸೈನ್ ಅನ್ರಿ."

ಅವನು ಚಹಾ ಕುಡಿದು ಹೋದ ಮೇಲೆ ಶಾಂತಲಾ ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಆಡಳಿತ ವಹಿಸಿಕೊಂಡರು. "ಇನ್ನ ಒಬ್ಬರು ಕೈ ಹಚ್ಚಿದ್ರ ಬಣ್ಣ ಹೋಗಿ ತಗಡು ಕಾಣ್ತದ. ತಿಳಿದವರನ್ನ ಕರಸ್ರಿ," ಎಂದರು. ತಿಳಿದವರ ನಂಬರು ನನ್ನ ಹತ್ತಿರ ಇತ್ತು. ಹೆಬ್ಬಾಳದಲ್ಲಿ ಕಾರುಗಳ ಮೈಕಾಂತಿ ನೋಡಿಕೊಳ್ಳುವ ಅಂಗಡಿ ಇಟ್ಟಿರುವ ನಜೀರ್ ಬುಧವಾರ ಬೆಳಿಗ್ಗೆ ಬಂದ.

ನಜೀರ್ ಮಾತು ಕಡಿಮೆ, ನೋಟ ಜಾಸ್ತಿ. ಪುಟ್ಟ ಟಾರ್ಚು ಹಿಡಿದು ಕಾರಿನ ಸುತ್ತ ಇಪ್ಪತ್ತು ನಿಮಿಷ ಓಡಾಡಿದ. ಒಂದು ಚಿಕ್ಕ ಯಂತ್ರವನ್ನು ಅಲ್ಲಲ್ಲಿ ಒತ್ತಿ ಬಣ್ಣದ ದಪ್ಪ ಅಳೆದ. ಪಂಚಪ್ಪನವರು ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ ಕೈಕಟ್ಟಿ ನಿಂತಿದ್ದರು.

"ಮೊದ್ಲು ಏನ್ ಹಾಕಿದ್ರಿ ಸಾರ್?"

"ಹೀರೆಕಾಯಿ ನಾರು."

"ಆಮೇಲೆ?"

"ಕೊಬ್ರಿ ಎಣ್ಣೆ."

ನಜೀರ್ ಕಣ್ಣು ಮುಚ್ಚಿ ತೆರೆದ. "ಆಮೇಲೆ?"

"ಸ್ಟೀಲ್ ಪಾತ್ರೆ ಪಾಲಿಶ್ ಮಾಡೋ ಮಿಷನ್."

"ಇಷ್ಟೇನಾ, ಇನ್ನೇನಾದ್ರೂ ಇದ್ಯಾ? ಮುಚ್ಚಿಡ್ಬೇಡಿ ಸಾರ್."

ಆಮೇಲೆ ನಜೀರ್ ಸಮಾಧಾನವಾಗಿ ಬಿಡಿಸಿ ಹೇಳಿದ. ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ, ಗೀರೆಲ್ಲ ಅದರ ಮೇಲೆ. ಎಣ್ಣೆ ಹಾಕಿದರೆ ಗೀರು ತುಂಬಿ ಮುಚ್ಚಿಕೊಳ್ಳುತ್ತದೆ, ತೊಳೆದರೆ ಮತ್ತೆ ಎದ್ದು ಬರುತ್ತದೆ. ನಿಜವಾಗಿ ತೆಗೆಯಬೇಕೆಂದರೆ ಆ ಪದರವನ್ನೇ ಗೀರಿನ ಆಳದಷ್ಟು, ಕೂದಲಿಗಿಂತ ಎಷ್ಟೋ ತೆಳ್ಳಗೆ, ಸವೆಸಬೇಕು. ಜಾಸ್ತಿ ಸವೆಸಿದರೆ ವಾಪಸು ತರಲು ಯಾರ ಕೈಯಲ್ಲೂ ಆಗುವುದಿಲ್ಲ. "ಅದಕ್ಕೇ ನಿಧಾನ ಸಾರ್. ಮೆತ್ತಗಿನ ಸ್ಪಂಜು, ನುಣ್ಣನೆ ಪಾಲಿಶ್ ಮದ್ದು, ಒಂದೊಂದೇ ಗೇಣು. ಮಾಡೋದು, ಒರೆಸೋದು, ಟಾರ್ಚ್ ಹಾಕೋದು. ಎರಡು ದಿನ ಬೇಕು. ಒರೆಸೋಕೆ ಒಬ್ರು ಬೇಕಾಗ್ತಾರೆ."

ಒರೆಸಲು ಪಂಚಪ್ಪನವರೇ ನಿಂತರು. ಹತ್ತಿಯಂಥ ಮೆತ್ತನೆಯ ಬಟ್ಟೆ ಕೈಗೆ ಬಂತು. ಗುಂಡಗೆ ಒರೆಸಿದರೆ ನಜೀರ್ ಕೈ ಹಿಡಿಯುತ್ತಿದ್ದ. ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ಮುಟ್ಟಲು ಬಿಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಇನ್ನೊಬ್ಬರ ಕಡತದಲ್ಲಿ ತಪ್ಪು ಹುಡುಕಿದ ಪಂಚಪ್ಪನವರು ಎರಡು ದಿನ ಬೈಸಿಕೊಳ್ಳುತ್ತ, ಬಗ್ಗಿ ಏಳುತ್ತ, ಒಂದೊಂದು ಗೇಣಿಗೂ ಟಾರ್ಚು ಹಾಕುತ್ತ ದುಡಿದರು. ಸೊಂಟ ನೋವಿಗೆ ಶಾಂತಲಾ ಅವರು ಬಿಸಿನೀರಿನ ಚೀಲ ಕೊಟ್ಟರೆ ಅದನ್ನು ಕಟ್ಟಿಕೊಂಡೇ ಒರೆಸಿದರು. ದ್ರೌಪದಮ್ಮನವರು ದಿನಕ್ಕೆ ನಾಲ್ಕು ಸಲ ಬಂದು ನೋಡಿ, "ಕಡ್ಲೆ ಇಟ್ಟು ಅಚ್ಚಿದ್ರೆ ಬೇಗ ಓಗ್ತಿತ್ತು" ಎಂದು ಹೇಳಿ ಹೋದರು.

ಬುಧವಾರ ಸಂಜೆ ಕಲಬುರಗಿಯಿಂದ ಫೋನು ಬಂತು.

"ಗಾಡಿ ಹೆಂಗಿದೆ ಪಂಚಪ್ಪನೋರೆ?" ಸಾಹೇಬರ ದನಿ.

ಪಂಚಪ್ಪನವರ ಕೈಯಲ್ಲಿದ್ದ ಬಟ್ಟೆ ನಿಂತಿತು. "ಆರಾಮಿದೆ ಸಾಹೇಬ್ರೆ. ನೆರಳಲ್ಲಿದೆ."

"ನೆರಳಲ್ಲೇ ಇರ್ಲಿ, ನೆರಳಲ್ಲೇ ಇರ್ಲಿ," ಎಂದು ಸಾಹೇಬರು ಯಾಕೋ ಬಹಳ ಹೊತ್ತು ನಕ್ಕು ಫೋನಿಟ್ಟರು. ಪಂಚಪ್ಪನವರು ಅಲ್ಲಿಯೇ ತೀರ್ಮಾನ ಮಾಡಿದರು: ಕಾರು ಎಷ್ಟೇ ಚೆನ್ನಾಗಲಿ, ಶುಕ್ರವಾರ ಸಾಹೇಬರು ಬಂದ ತಕ್ಷಣ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡುಬಿಡಬೇಕು.

ಗುರುವಾರ ಸಂಜೆ ನಜೀರ್ ಮಿಷನ್ನು ನಿಲ್ಲಿಸಿದ. ಕಾರನ್ನು ಬಿಸಿಲಿಗೆ ತಂದರು. ಬಾನೆಟ್ಟಿನಲ್ಲಿ ಸೂರ್ಯ ಒಂದೇ ಒಂದು ಚುಕ್ಕಿಯಾಗಿ ನಿಂತಿದ್ದ, ಸುತ್ತ ಏನೂ ಇರಲಿಲ್ಲ. ಪಂಚಪ್ಪನವರು ಎಡಕ್ಕೆ ಸರಿದರು, ಬಲಕ್ಕೆ ಸರಿದರು, ಕೂತರು, ಎದ್ದರು. ಆಮೇಲೆ ನಜೀರನನ್ನು ತಬ್ಬಿಕೊಂಡರು. ನಮ್ಮ ರಸ್ತೆಯಲ್ಲಿ ಅವರು ಯಾರನ್ನಾದರೂ ತಬ್ಬಿದ್ದನ್ನು ನಾವು ಅದೇ ಮೊದಲು ನೋಡಿದ್ದು.

ಶುಕ್ರವಾರ ಬೆಳಿಗ್ಗೆ ಸಾಹೇಬರ ಕುಟುಂಬ ಆಟೋದಿಂದ ಇಳಿಯಿತು. ಸಾಹೇಬರು ಬ್ಯಾಗು ನೆಲದಲ್ಲಿಟ್ಟು ಕಾರಿನ ಸುತ್ತ ಮೆಲ್ಲಗೆ ಒಂದು ಸುತ್ತು ಬಂದರು. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ಸಾಹೇಬ್ರೆ, ನನ್ನಿಂದ ದೊಡ್ಡ ತಪ್ಪಾಗಿದೆ," ಎಂದರು ಪಂಚಪ್ಪನವರು.

ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡರು. "ತಾಹೆರಾ, ನೋಡು ಇವರನ್ನ. ನನ್ ಮಗಳ ಮದ್ವೆಗೆ ಗಾಡೀನ ಶೋರೂಮಿಂದ ತಂದಂಗೆ ಮಾಡ್ಸಿಟ್ಟಿದಾರೆ, ಮೇಲಿಂದ ತಪ್ಪಾಯ್ತು ಅಂತಾರೆ. ದೊಡ್ಡೋರ ಲಕ್ಷಣ ಇದು."

"ಹಂಗಲ್ರೀ, ನಾನೇ ಹಾಳು ಮಾಡಿದ್ದು, ನಾನೇ..."

"ಬಸ್, ಬಸ್. ಇನ್ನೊಂದು ಮಾತು ಬೇಡ," ಎಂದು ಸಾಹೇಬರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಮೊದಲನೆಯ ತಪ್ಪೊಪ್ಪಿಗೆ ಹೀಗೆ ವಿನಯದ ಖಾತೆಗೆ ಜಮೆಯಾಯಿತು. ಸಂಜೆ ಪಂಚಪ್ಪನವರು ಸಾಕ್ಷ್ಯಸಮೇತ ಹೋದರು. ಸಾಹೇಬರ ನಡುಮನೆಯಲ್ಲಿ ಊರಿನಿಂದ ಬಂದ ನೆಂಟರು ತುಂಬಿದ್ದರು. ಅವರೆಲ್ಲರ ನಡುವೆ ನಿಂತು, ಹೀರೆಕಾಯಿಯ ನಾರನ್ನು ಎತ್ತಿ ಹಿಡಿದು, "ಇದ್ರಿಂದಾನೇ ನಾನು ಈ ಗಾಡಿ ತಿಕ್ಕಿದ್ದು" ಎಂದು ಘೋಷಿಸಿದರು.

"ಕಂಡ್ರಾ," ಎಂದರು ಸಾಹೇಬರು ನೆಂಟರ ಕಡೆ ತಿರುಗಿ. "ಎಲ್ಲಾ ಕೈಯಲ್ಲೇ ಮಾಡಿದಾರೆ."

ನೆಂಟರಲ್ಲಿ ಒಬ್ಬ ಮುದುಕರು ನಾರನ್ನು ಕೈಗೆ ತೆಗೆದುಕೊಂಡು, ಮೂಸಿ, ಇಂಥದು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ, ನಮ್ಮದೂ ಒಂದು ಹೊಸ ಗಾಡಿ ಇದೆ ಎಂದು ವಿಚಾರಿಸಿದರು. ಪಂಚಪ್ಪನವರು ಅದನ್ನು ಅವರ ಕೈಯಿಂದ ಕಿತ್ತುಕೊಂಡು ಓಡಿಬಂದರು.

ಶನಿವಾರ ಕೊನೆಯ ಪ್ರಯತ್ನ. ಬಾಯಿಮಾತಿಗೆ ಬೆಲೆಯಿಲ್ಲ, ಏನಿದ್ದರೂ ಲಿಖಿತದಲ್ಲಿರಬೇಕು ಎಂಬುದು ಸರಕಾರಿ ನೌಕರನಿಗೆ ಗೊತ್ತಿದ್ದದ್ದೇ. "ಇವರಿಗೆ, ಶ್ರೀ ದಸ್ತಗೀರ್ ಸಾಹೇಬರು" ಎಂದು ಶುರುಮಾಡಿ, ಸೋಮವಾರ ಐದೂವರೆಯಿಂದ ಗುರುವಾರ ಸಂಜೆಯವರೆಗಿನ ಘಟನೆಗಳನ್ನು ಕ್ರಮವಾಗಿ ನಮೂದಿಸಿ, "ಕ್ಷಮೆಗೆ ಪಾತ್ರನಲ್ಲದಿದ್ದರೂ ಕ್ಷಮಿಸಬೇಕಾಗಿ ವಿನಂತಿ" ಎಂದು ಮುಗಿಸಿ, ಸಹಿ ಮಾಡಿ ಕೊಟ್ಟುಬಂದರು. ಮೆಹೆಂದಿಯ ಗದ್ದಲದ ನಡುವೆ ಸಾಹೇಬರು ಕುರ್ಚಿ ಹತ್ತಿ ನಿಂತು ಅದನ್ನು ಗಟ್ಟಿಯಾಗಿ ಓದಿದರು. ಸಿದ್ದಲಿಂಗ ಬರುವ ಭಾಗಕ್ಕೆ ಜನ ಬಿದ್ದು ಬಿದ್ದು ನಕ್ಕರು. "ಮದ್ವೆಗೆ ಬಂದ ಉಡುಗೊರೆಗಳಲ್ಲಿ ಇದೇ ಮೊದ್ಲನೇದು, ಫ್ರೇಮ್ ಹಾಕಿಸ್ತೀನಿ," ಎಂದು ಸಾಹೇಬರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟರು. ಜನ ಚಪ್ಪಾಳೆ ತಟ್ಟಿದರು. ಪಂಚಪ್ಪನವರು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಮಾಡಿದ ತಪ್ಪಿಗೆ ಬೈಗುಳವನ್ನೂ ದಕ್ಕಿಸಿಕೊಳ್ಳಲಾರದ ಮನುಷ್ಯ ಇನ್ನೇನು ಮಾಡಬೇಕು?

ಭಾನುವಾರ ಆರ್.ಟಿ. ನಗರದ ಶಾದಿ ಮಹಲಿನಲ್ಲಿ ನಿಕಾಹ್ ಆಯಿತು, ಊಟ ಆಯಿತು. ಪಂಚಪ್ಪನವರು ಒಂದು ಮೂಲೆಯಲ್ಲಿ ಅಪರಾಧಿಯಂತೆ ಕೂತು ತಮಗಾಗಿ ಬೇರೆ ಮಾಡಿಸಿದ್ದ ಸಸ್ಯಾಹಾರದ ಊಟವನ್ನು ಕಷ್ಟಪಟ್ಟು ನುಂಗಿದರು. ನಾಲ್ಕು ಗಂಟೆಗೆ ಬೀಳ್ಕೊಡುವ ಹೊತ್ತು. ಹೂವು ಕಟ್ಟಿಸಿಕೊಂಡ ಕಪ್ಪು ಕಾರು ಬಾಗಿಲಲ್ಲಿ ಬಿಸಿಲಿಗೆ ಫಳಫಳ ಅನ್ನುತ್ತ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮದುಮಗ ಸಾಕಿಬ್ ಕೂತ, ಲೈಬಾ ಅಮ್ಮನನ್ನು ಬಿಡಲಾರದೆ ಬಿಟ್ಟು ಕೂತಳು. ಕಾರು ಓಡಿಸಬೇಕಾದ ಸಾಹೇಬರು ಕೀಲಿ ಹಿಡಿದು ನಿಂತಿದ್ದರು. ಸುತ್ತ ಇದ್ದ ಅಷ್ಟೂ ನೆಂಟರನ್ನು ಬಿಟ್ಟು ಸೀದಾ ಪಂಚಪ್ಪನವರ ಹತ್ತಿರ ಬಂದರು.

"ನನ್ ಕಣ್ಣು ಕಾಣ್ತಿಲ್ಲ ಪಂಚಪ್ಪನೋರೆ. ನೀವು ಓಡ್ಸಿ."

"ನಾನು ಮುಟ್ಟಲ್ಲ ಸಾಹೇಬ್ರೆ. ಆ ಗಾಡಿ ಹಾಳು ಮಾಡ್ದೋನು ನಾನು. ಮೂರು ಸಲ ಹೇಳ್ದೆ, ಒಂದು ಸಲಾನೂ ನೀವು ನಂಬ್ಲಿಲ್ಲ."

"ನಂಬ್ಲಿಲ್ಲ ಅಂತ ಯಾರು ಹೇಳಿದ್ದು?"

ಸಾಹೇಬರು ಶೇರ್ವಾನಿಯ ಕಿಸೆಯಿಂದ ಮೊಬೈಲು ತೆಗೆದು ತೋರಿಸಿದರು. ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ದ್ರೌಪದಮ್ಮನವರು ಕಳಿಸಿದ ವಿಡಿಯೋ ಅದರಲ್ಲಿತ್ತು. ಸಂಜೆಯ ಬೆಕ್ಕಿನ ಕೂದಲು, ಇರುವೆ ಸಾಲು ಇತ್ತು. ಸಿದ್ದಲಿಂಗ ಬೆವರು ಒರೆಸಿಕೊಳ್ಳುವುದಿತ್ತು. ಕೊನೆಗೆ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಪಂಚಪ್ಪನವರು ಬಾಗಿಲು ಒರೆಸುತ್ತಿರುವುದೂ ಇತ್ತು. ಜನದ ನಡುವೆ ನಿಂತಿದ್ದ ದ್ರೌಪದಮ್ಮನವರು ಆಕಾಶ ನೋಡಿದರು.

"ಎಲ್ಲಾ ಗೊತ್ತಿತ್ತಾ?" ಎಂದರು ಪಂಚಪ್ಪನವರು. "ಮತ್ತೆ ಒಂದು ಮಾತು ಬೈಯೋದಲ್ವಾ?"

"ಸೋಮವಾರ ಬೈದಿದೀನಿ. ತಾಹೆರಾನ ಕೇಳಿ, ಕಲಬುರಗಿಯಲ್ಲಿ ಕೂತು ಎಷ್ಟು ಬೈದೆ ಅಂತ. ಆಮೇಲೆ ಈ ಕೊನೇ ವಿಡಿಯೋ ಬಂತು." ಸಾಹೇಬರು ಮೊಬೈಲನ್ನು ಕಿಸೆಗೆ ಸೇರಿಸಿದರು. "ನೀವು ಹಾಳು ಮಾಡಿದ್ದು ಒಂದು ಬೆಳಿಗ್ಗೆ. ಸರಿ ಮಾಡಿದ್ದು ಮೂರು ದಿನ. ನಾನು ಯಾವುದನ್ನ ನೆನಪಿಟ್ಕೊಳ್ಲಿ ಹೇಳಿ."

"ಹಂಗಾದ್ರೆ ಆ ನಾಟಕ ಯಾಕೆ? ಕುರ್ಚಿ ಹತ್ತಿ ಓದಿದ್ದು ಯಾಕೆ?"

"ಮಗಳನ್ನ ಕಳಿಸೋ ವಾರ ಪಂಚಪ್ಪನೋರೆ. ಎದೆ ಮೇಲೆ ಕಲ್ಲಿಟ್ಟಂಗಿತ್ತು. ನೀವು ಬಂದು ತಪ್ಪಾಯ್ತು ಅಂದಾಗೆಲ್ಲಾ ಒಂದ್ಸಲ ನಗು ಬರ್ತಿತ್ತು. ನಿಲ್ಲಿಸ್ಬಿಟ್ರೆ ನಾನು ಅಳ್ತಿದ್ದೆ."

ಪಂಚಪ್ಪನವರು ಸಿಟ್ಟಿಗಾಗಿ ತಮ್ಮೊಳಗೆಲ್ಲ ಹುಡುಕಿದರು. ಸಿಟ್ಟು ಸಿಗಲಿಲ್ಲ. ಆರು ದಿನದಿಂದ ಹೊತ್ತಿದ್ದ ಭಾರ ಇಳಿದು ಹೋಗಿ, ಕಣ್ಣಲ್ಲಿ ನೀರು ಬಂದು, ಜೊತೆಗೇ ನಗುವೂ ಬಂತು. ಕೈ ಚಾಚಿ ಕೀಲಿ ತೆಗೆದುಕೊಂಡರು.

ಸಾಹೇಬರು ಮುಂದಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು. ತಾಹೆರಾ ಅವರು ಕಿಟಕಿಗೆ ಬಗ್ಗಿ, "ಹೆಣ್ಣಿನ ಅಪ್ಪ ಬೀಗರ ಮನೆ ತನಕ ಹೋಗೋದು ಎಲ್ಲಾದ್ರೂ ಉಂಟಾ? ಇಳೀರಿ," ಎಂದು ಕಣ್ಣೊರೆಸಿಕೊಂಡೇ ಗದರಿದರು.

"ಗಾಡಿ ನಂದು. ವಾಪಸ್ ತರೋರು ಯಾರು?" ಎಂದರು ಸಾಹೇಬರು.

ಮೆರವಣಿಗೆ ಹೊರಟಿತು. ಕಾರು ಮುಂದೆ, ನೆಂಟರ ವ್ಯಾನು ಹಿಂದೆ, ಅದರ ಹಿಂದೆ ಸ್ಕೂಟರಿನಲ್ಲಿ ನಾನು. ಪಂಚಪ್ಪನವರು ಹೊಸದಾಗಿ ಸಿಂಗಾರವಾದ ಮೈಗೆ ಒಂದು ಕಲ್ಲೂ ಸಿಡಿಯಬಾರದೆಂದು ಕಾರನ್ನು ತೊಟ್ಟಿಲಿನ ಹಾಗೆ ನಡೆಸಿದರು. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು. ವಿಮಾನ ಹಿಡಿಯುವ ಆತುರದ ಟ್ಯಾಕ್ಸಿಗಳು ಹಿಂದೆ ಸಾಲುಗಟ್ಟಿ ಹಾರ್ನು ಹೊಡೆದವು. ಕೆರೆಯ ಮೇಲಿಂದ ಬಂದ ಇಳಿಬಿಸಿಲು ಕಾರಿನ ತುಂಬ ಬಿದ್ದು, ಅದು ನಿಜಕ್ಕೂ ನೋಡುವ ಹಾಗಿತ್ತು.

ಕಾರಿನೊಳಗೆ ನಡೆದ ಮಾತನ್ನು ಆಮೇಲೆ ಲೈಬಾಳೇ ಹೇಳಿದಳು. ಯಲಹಂಕದ ಗಂಡನ ಮನೆಯಿಂದ ಅವಳ ಅತ್ತೆ ಮೂರು ಸಲ ಫೋನು ಮಾಡಿದ್ದರಂತೆ. ಸಾಕಿಬ್ ಮುಜುಗರದಿಂದ ಮಿಸುಕಾಡುತ್ತಿದ್ದನಂತೆ. ಕೊನೆಗೆ ಅವಳೇ ಮುಂದಕ್ಕೆ ಬಗ್ಗಿ, "ಅಂಕಲ್, ಸ್ವಲ್ಪ ಸ್ಪೀಡಾಗಿ ಓಡ್ಸಿ, ಎಲ್ರೂ ಕಾಯ್ತಿದ್ದಾರೆ" ಎಂದಳು.

ಪಂಚಪ್ಪನವರು ಗೇರು ಬದಲಿಸಲು ಕೈಯಿಟ್ಟರು. ಸಾಹೇಬರು ಅವರ ಕೈ ಮೇಲೆ ಕೈಯಿಟ್ಟು ತಡೆದರು.

"ಬೇಡ ಪಂಚಪ್ಪನೋರೆ. ಇಷ್ಟೇ ಇರ್ಲಿ."